ಅಪ್ಪನ ಎಮಿಷನ್ ವ್ಯಾನು, ನನ್ನ ಸ್ಮಾಗ್ ಚೆಕ್ಕು

ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡು ಎರಡು ತಿಂಗಳಾಗಿತ್ತು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಹಾಗಾಗಿ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ಹೊಸ ಎಲೆಕ್ಟ್ರಿಕ್ ಕಾರು ತಗೊಂಡ ಮೇಲೆ ಈ ಹಳೆಯದನ್ನು, ಅಂದರೆ 2011ರ ಮಾಡೆಲ್‌ನ ಜಪಾನೀ ಕಾರನ್ನು, ಮಾರಬೇಕಾಗಿ ಬಂತು ನೋಡಿ, ಆಗ ಆ ದೀಪ ಕಣ್ಣಿಗೆ ಚುಚ್ಚೋಕೆ ಶುರುವಾಯಿತು.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಕಾರು ಕೊಳ್ಳಲು ಬಂದವನು ಹಾಸನ ಕಡೆಯ ಹುಡುಗ, ಎಂ.ಎಸ್. ವಿದ್ಯಾರ್ಥಿ. ಜೂನ್‌ನಲ್ಲಿ ಅವನ ಇಂಟರ್ನ್‌ಶಿಪ್ ಶುರು, ಆಫೀಸಿಗೆ ಬಸ್ಸಿನಲ್ಲಿ ಹೋದರೆ ಒಂದೂಮುಕ್ಕಾಲು ಗಂಟೆ. ಕಾಲೇಜು ಕ್ಯಾಂಟೀನಿನಲ್ಲಿ ಕೆಲಸ ಮಾಡಿ ಉಳಿಸಿದ ದುಡ್ಡು, ಅದಕ್ಕೆ ಊರಿನಿಂದ ಅವರಪ್ಪ ಸಾಲ ಮಾಡಿ ಕಳಿಸಿದ್ದು ಸೇರಿಸಿ 4,200 ಡಾಲರ್‌ಗೆ ಮಾತಾಯಿತು. ಅವನು ಗಾಡಿ ನೋಡೋಕೆ ಬರುವ ಹಿಂದಿನ ರಾತ್ರಿ ನಾನೊಂದು ಕೆಲಸ ಮಾಡಿದೆ. ಆನ್‌ಲೈನ್‌ನಲ್ಲಿ ಇಪ್ಪತ್ತು ಡಾಲರ್‌ಗೆ ತರಿಸಿದ್ದ ಪುಟ್ಟ ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದೆ. ಮೊಬೈಲಿನಲ್ಲಿ 'ಪಿ0420' ಅಂತ ಬಂತು. ಅಂದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ. ಅದರ ಕೆಳಗೇ 'ಕ್ಲಿಯರ್' ಅಂತ ಒಂದು ಬಟನ್. ಒತ್ತಿದೆ. ದೀಪ ಆರಿಹೋಯಿತು.

ದಿನವೆಲ್ಲ ಸರ್ವರುಗಳ ಲಾಗ್ ನೋಡಿಕೊಂಡು ಹೊಟ್ಟೆ ಹೊರೆಯುವವನು ನಾನು. ಲಾಗ್ ಅಳಿಸಿದರೆ ತಪ್ಪು ಸರಿಹೋಗಲ್ಲ ಅಂತ ಜೂನಿಯರ್‌ಗಳಿಗೆ ಪಾಠ ಹೇಳುವವನೂ ನಾನೇ. ಇರಲಿ.

ಹುಡುಗ ಬಂದ, ಓಡಿಸಿದ, ಖುಷಿಪಟ್ಟ. 500 ಡಾಲರ್ ಅಡ್ವಾನ್ಸ್ ಕೊಟ್ಟು "ತುಂಬಾ ಥ್ಯಾಂಕ್ಸ್ ಅಣ್ಣ" ಅಂದು ಹೋದ. ನನ್ನ ಅಪ್ಪ ಅಮ್ಮ ಆಗಷ್ಟೇ ತಿಪಟೂರಿನಿಂದ ಬಂದಿದ್ದರು. ಅಪ್ಪ ಬಾಲ್ಕನಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

ಇಲ್ಲಿಯ ಕಾಯ್ದೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಕ್ಕಳನ್ನು ಕ್ಯಾಲಿಫೋರ್ನಿಯಾಗೆ ಓದೋಕೆ ಕಳಿಸಿರುವ ಓದುಗರಿಗೂ ಉಪಯೋಗಕ್ಕೆ ಬಂದೀತು. ನಮ್ಮಲ್ಲಿ ಎಮಿಷನ್ ಟೆಸ್ಟ್ ಅನ್ನುವುದನ್ನು ಇಲ್ಲಿ ಸ್ಮಾಗ್ ಚೆಕ್ ಅನ್ನುತ್ತಾರೆ. 1984ರಿಂದ ನಡೆಯುತ್ತಿದೆ. 1976 ಮತ್ತು ಅದರ ನಂತರದ ಮಾಡೆಲ್‌ನ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ. ಮಾಡೆಲ್‌ಗೆ ಎಂಟು ವರ್ಷ ಆಗುವ ತನಕ ವಿನಾಯಿತಿ, ಅದಕ್ಕೆ ಬದಲಾಗಿ ಒಂದಿಷ್ಟು ಶುಲ್ಕ ಕಟ್ಟಬೇಕು. ಬೈಕುಗಳಿಗೂ ಬ್ಯಾಟರಿ ಕಾರುಗಳಿಗೂ ಟೆಸ್ಟೇ ಇಲ್ಲ. ಆದರೆ ಕಾರು ಮಾರುವಾಗಿನ ನಿಯಮ ಬೇರೆ. ನಾಲ್ಕು ವರ್ಷಕ್ಕಿಂತ ಹಳೆಯ ಕಾರಾದರೆ ಸ್ಮಾಗ್ ಪಾಸಾದ ಸರ್ಟಿಫಿಕೇಟ್ ಕೊಡುವುದು ಮಾರುವವನ ಜವಾಬ್ದಾರಿ, ಕೊಳ್ಳುವವನದ್ದಲ್ಲ. 'ಇದ್ದ ಸ್ಥಿತಿಯಲ್ಲೇ ಮಾರಿದ್ದೇನೆ' ಅಂತ ಬರೆಸಿಕೊಂಡರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸರ್ಟಿಫಿಕೇಟ್ ತೊಂಬತ್ತು ದಿನದೊಳಗಿನದಾಗಿರಬೇಕು. ಗಂಡ-ಹೆಂಡತಿ, ಅಪ್ಪ-ಮಕ್ಕಳಂಥ ಹತ್ತಿರದ ಸಂಬಂಧಿಕರ ನಡುವೆ ಕೈ ಬದಲಾದರೆ ಮಾತ್ರ ಬೇಕಿಲ್ಲ. ಹಾಸನದ ಹುಡುಗ ಬಾಯಿತುಂಬ ಅಣ್ಣ ಅಂದರೂ ಕಾಯ್ದೆ ಅದನ್ನು ಒಪ್ಪುವುದಿಲ್ಲವಲ್ಲ.

ಹಾಗಾಗಿ ಮಾರನೆಯ ದಿನವೇ ಟೆಸ್ಟಿಗೆ ಹೊರಟೆ. ಸ್ಮಾಗ್ ಅಂದ ಕೂಡಲೇ ಅಪ್ಪನೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ರೆಡಿ. ಕಾರಣ ಇಷ್ಟೆ. ನನ್ನನ್ನು ಇಂಜಿನಿಯರ್ ಮಾಡಿದ್ದೇ ಒಂದು ಎಮಿಷನ್ ಟೆಸ್ಟ್ ವ್ಯಾನು.

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕ್ ಪಕ್ಕ ನಮ್ಮ ಬಿಳಿ ಓಮ್ನಿ ನಿಂತಿರುತ್ತಿತ್ತು. ಹಿಂದಿನ ಸೀಟು ಕಿತ್ತು ಗ್ಯಾಸ್ ಅನಲೈಸರ್, ಕಂಪ್ಯೂಟರ್, ಪ್ರಿಂಟರ್ ಇಟ್ಟಿದ್ದರು. ಮೊದಲು ಪೆಟ್ರೋಲ್ ಗಾಡಿಗಳಿಗೆ ಮಾತ್ರ ಲೈಸೆನ್ಸ್ ಇತ್ತು, ಆಮೇಲೆ ಕೊಬ್ಬರಿ ಲಾರಿಗಳ ಆಸೆಗೆ ಡೀಸೆಲ್‌ನ ಸ್ಮೋಕ್ ಮೀಟರೂ ಬಂತು. ಶನಿವಾರ ಸ್ಕೂಲು ಬಿಟ್ಟ ಮೇಲೆ ಸೈಲೆನ್ಸರಿಗೆ ಪ್ರೋಬ್ ಹಾಕುವ ಕೆಲಸ ನನ್ನದು. ಪೆಟ್ರೋಲ್ ಗಾಡಿಯಾದರೆ ಐಡಲ್‌ನಲ್ಲಿ ಬಿಟ್ಟು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎಷ್ಟಿದೆ ಅಂತ ನೋಡೋದು. ಡೀಸೆಲ್ ಆದರೆ ಡ್ರೈವರ್‌ಗೆ ಜೋರಾಗಿ ಆಕ್ಸಿಲರೇಟರ್ ಒತ್ತೋಕೆ ಹೇಳಿ ಹೊಗೆ ಎಷ್ಟು ಬೆಳಕನ್ನು ತಡೆಯುತ್ತೆ ಅಂತ ಅಳೆಯೋದು. ಅಪ್ಪ ವ್ಯಾನ್ ಮಾರಿದ್ದು 2018ರಲ್ಲಿ, ಬೆನ್ನುನೋವು ತಡೆಯಲಾರದೆ. ಮರುವರ್ಷವೇ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು, ಸರ್ಟಿಫಿಕೇಟ್ ಇಲ್ಲದಿದ್ದರೆ ದಂಡ ಹತ್ತು ಸಾವಿರದವರೆಗೆ ಅಂತಾಯಿತು. ದೇಶದ ತುಂಬ ಎಮಿಷನ್ ಸೆಂಟರುಗಳ ಮುಂದೆ ಮೈಲುದ್ದದ ಕ್ಯೂ. "ಇನ್ನೊಂದ್ ವರ್ಷ ತಡ್ಕೊಂಡಿದ್ರೆ ನಿಮ್ಮ ಬೆನ್ನೇನು ಮುರಿದುಹೋಗ್ತಿತ್ತಾ?" ಅಂತ ಅಮ್ಮ ಈಗಲೂ ಚುಚ್ಚುತ್ತಾಳೆ.

ಸ್ಯಾನ್ ಹೋಸೆಯ ಆ ಕೇಂದ್ರ ಒಂದು ಶಟರ್ ಬಾಗಿಲಿನ ಶೆಡ್ಡು, ಅಷ್ಟೇ. ಹೊರಗೆ 'ಟೆಸ್ಟ್ ಓನ್ಲಿ' ಅಂತ ಬೋರ್ಡು. ವಯಸ್ಸಾದ ವಿಯೆಟ್ನಾಮೀ ಮನುಷ್ಯರೊಬ್ಬರು ಬಾನೆಟ್ ತೆಗೆಸಿ ಟಾರ್ಚ್ ಬಿಟ್ಟು ನೋಡಿದರು, ಕಾರಿನಡಿ ಬಗ್ಗಿದರು, ಹೊಗೆ ಕಣ್ಣಿಗೆ ಕಾಣುತ್ತಾ ಅಂತ ಹಿಂದೆ ನಿಂತು ನೋಡಿದರು, ಕೊನೆಗೆ ಪೋರ್ಟಿಗೆ ಒಂದು ಕೇಬಲ್ ಸಿಕ್ಕಿಸಿದರು. ಅಪ್ಪ ಕಾರಿನ ಹಿಂದೆ ಹೋಗಿ ನಿಂತು ಕಾದರು. ಯಾರೂ ಬರಲಿಲ್ಲ.

"ಪೈಪ್ ಹಾಕಲ್ವೇನೋ?"

"ಇಲ್ಲ ಅಪ್ಪ. 2000ದಿಂದೀಚೆಗಿನ ಕಾರಿಗೆ ಪೈಪ್ ಹಾಕಲ್ಲ, ಕಾರಿನ ಕಂಪ್ಯೂಟರನ್ನೇ ಕೇಳ್ತಾರೆ. ಅದಕ್ಕಿಂತ ಹಳೇದಾದ್ರೆ ರೋಲರ್ ಮೇಲೆ ಓಡಿಸಿ ಪೈಪ್ ಹಾಕ್ತಾರೆ."

"ಕಳ್ಳನ್ನೇ ಕೇಳೋದಾ, ಕದ್ದಿದ್ಯೇನೋ ಅಂತ?" ಅಂದರು ಅಪ್ಪ. ಬಹಳ ನಿರಾಸೆಯಾಗಿತ್ತು ಅವರಿಗೆ.

ಆದರೆ ಕಾರಿನ ಕಂಪ್ಯೂಟರ್ ನನಗಿಂತ ಪ್ರಾಮಾಣಿಕ. ಐದು ನಿಮಿಷದಲ್ಲಿ ಆ ಮನುಷ್ಯ ಕನ್ನಡಕ ಮೇಲೆತ್ತಿ, "ಕೋಡ್ ಅಳಿಸಿದ್ದು ಯಾರು?" ಅಂತ ಕೇಳಿದರು. ಕಾರಿನೊಳಗೆ ಮಾನಿಟರ್ ಅಂತ ಕೆಲವು ಸ್ವಯಂ ಪರೀಕ್ಷೆಗಳಿರುತ್ತವೆ. ಕನ್ವರ್ಟರ್‌ಗೊಂದು, ಆಕ್ಸಿಜನ್ ಸೆನ್ಸರ್‌ಗೊಂದು, ಪೆಟ್ರೋಲ್ ಆವಿಗೊಂದು ಹೀಗೆ. ಕೋಡ್ ಅಳಿಸಿದರೆ ಇವೆಲ್ಲವೂ ಖಾಲಿ ಸ್ಲೇಟಾಗುತ್ತವೆ. ಮತ್ತೆ ಕೆಲವು ದಿನ ಓಡಿಸಿದ ಮೇಲೇ ಅವು ಒಂದೊಂದಾಗಿ 'ರೆಡಿ' ಅನ್ನುವುದು. ನನ್ನಂಥ ಕಾರಿನಲ್ಲಿ ಆವಿಯದ್ದೊಂದು ಬಾಕಿ ಇದ್ದರೆ ನಡೆಯುತ್ತದೆ, ಬೇರೆ ಯಾವುದು ಬಾಕಿಯಿದ್ದರೂ ಫೇಲ್.

"ಬ್ಯಾಟರಿ ತೆಗೆದಿದ್ದೆ" ಅಂದೆ. ಬ್ಯಾಟರಿ ಕಳಚಿದರೂ ಹೀಗೇ ಆಗುತ್ತೆ ಅಂತ ಓದಿದ್ದೆ.

ಅವರು ಏನೂ ಹೇಳಲಿಲ್ಲ. ಫೇಲ್ ಆದ ವರದಿ ಪ್ರಿಂಟ್ ತೆಗೆದು ಕೈಗಿಟ್ಟರು. ಟೆಸ್ಟಿನ ದುಡ್ಡು ಮಾತ್ರ ತಗೊಂಡರು. ಸರ್ಕಾರದ ಸರ್ಟಿಫಿಕೇಟ್ ಶುಲ್ಕ 8.25 ಡಾಲರ್, ಅದು ಪಾಸಾದರೆ ಮಾತ್ರ.

ಕಾರು ಹತ್ತಿದ ಮೇಲೆ ಅಪ್ಪ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾ, "ಅವರಿಗೆ ಏನೋ ಸುಳ್ಳು ಹೇಳ್ದೆ?" ಅಂದರು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಗಾಡಿ ಮಾಲೀಕರ ಮುಖ ನೋಡಿದವರು. ಇದ್ದದ್ದನ್ನು ಹೇಳಿದೆ. ಮೊದಲು ಜೋರಾಗಿ ನಕ್ಕರು. ಆಮೇಲೆ ಮನೆ ಬರುವ ತನಕ ಕಿಟಕಿಯಾಚೆ ನೋಡುತ್ತ ಕೂತರು.

ಆ ಸಂಜೆ ಕಾಫಿ ಕುಡಿಯುವಾಗ ಕೇಂದ್ರಗಳ ಬಗ್ಗೆ ಒಂದೊಂದಾಗಿ ಕೇಳತೊಡಗಿದರು. ಟೆಸ್ಟ್ ಓನ್ಲಿ ಅಂದ್ರೇನು? ನಾನು ಹೇಳಿದೆ: ಇಲ್ಲಿ ಕೆಲವು ಕಡೆ ಟೆಸ್ಟ್ ಮಾತ್ರ ಮಾಡ್ತಾರೆ, ರಿಪೇರಿ ಮಾಡೋ ಹಾಗಿಲ್ಲ. ಸುಮ್ಮನೆ ಫೇಲ್ ಮಾಡಿ ರಿಪೇರಿ ದುಡ್ಡು ಕೀಳಬಾರದು ಅಂತ. ಕೆಲವು ಕಡೆ ಟೆಸ್ಟೂ ರಿಪೇರಿಯೂ ಎರಡೂ ಉಂಟು. ಬರೀ ರಿಪೇರಿಯ ಲೈಸೆನ್ಸ್ ಇರೋರೂ ಇದ್ದಾರೆ, ಅವರು ಸರ್ಟಿಫಿಕೇಟ್ ಕೊಡೋ ಹಾಗಿಲ್ಲ.

ಅಪ್ಪ ತಲೆಯಾಡಿಸಿದರು. "ಅದು ಅರ್ಧ ಸರಿ. ರಿಪೇರಿ ಮಾಡೋನು ಸುಳ್ಳು ಸುಳ್ಳೇ ಫೇಲ್ ಮಾಡ್ತಾನೆ, ನಿಜ. ಆದ್ರೆ ಬರೀ ಟೆಸ್ಟ್ ಮಾಡೋನು? ಅವನು ಸುಳ್ಳು ಸುಳ್ಳೇ ಪಾಸ್ ಮಾಡ್ತಾನೆ ಕಣೋ. ನಾನು ಒಂದ್ ಆಟೋ ಫೇಲ್ ಮಾಡಿದ್ರೆ ಅದು ಎದುರುಗಡೆ ವ್ಯಾನ್‌ಗೆ ಹೋಗ್ತಿತ್ತು. ಮಾರನೇ ದಿನ ಅವನ ಜತೆ ಇನ್ನೂ ನಾಲ್ಕು ಆಟೋ ಅಲ್ಲಿಗೇ ಹೋಗ್ತಿದ್ವು."

ಈ ಮಾತು ನನಗೆ ಕ್ಯಾಲಿಫೋರ್ನಿಯಾದ ಯಾವ ಸರ್ಕಾರಿ ಕಡತಕ್ಕಿಂತ ಚೆನ್ನಾಗಿ ವಿಷಯ ಅರ್ಥ ಮಾಡಿಸಿತು. ಆಗ ಸ್ಟಾರ್ ಕೇಂದ್ರಗಳ ವಿಷಯ ಹೇಳಿದೆ. ಹೆಚ್ಚು ಹೊಗೆ ಬಿಡುವ ಸಂಭವ ಇರುವ ಗಾಡಿಗಳನ್ನು ಲೆಕ್ಕ ಹಾಕಿ, ನೀವು ಸ್ಟಾರ್ ಕೇಂದ್ರದಲ್ಲೇ ಮಾಡಿಸಬೇಕು ಅಂತ ನೋಂದಣಿ ನವೀಕರಣದ ನೋಟಿಸ್‌ನಲ್ಲೇ ಬರೆದು ಕಳಿಸುತ್ತಾರೆ. ಸ್ಟಾರ್ ದರ್ಜೆ ಸುಮ್ಮನೆ ಸಿಗಲ್ಲ. ಅದಕ್ಕಿರುವ ಅಳತೆಗೋಲುಗಳಲ್ಲಿ ಒಂದು ನನಗೆ ತುಂಬಾ ಹಿಡಿಸಿತು. ಈ ಕೇಂದ್ರ ಪಾಸ್ ಮಾಡಿ ಕಳಿಸಿದ ಗಾಡಿಗಳು ಮುಂದಿನ ಸಲ, ಬೇರೆಲ್ಲೇ ಟೆಸ್ಟಿಗೆ ಹೋದರೂ, ಏನಾದವು ಅಂತ ಇಲಾಖೆ ಲೆಕ್ಕ ಇಡುತ್ತದೆ. ಇವತ್ತು ಕಣ್ಣು ಮುಚ್ಚಿ ಪಾಸ್ ಮಾಡಿದ್ದು ಎರಡು ವರ್ಷದ ಮೇಲೆ ನಿಮ್ಮ ಹೆಸರಿಗೇ ಬಂದು ಕೂರುತ್ತದೆ. ನಾವು ಆಫೀಸಿನಲ್ಲಿ ಒಬ್ಬರ ಕೋಡ್ ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡ್ತೀವಲ್ಲ, ಒಪ್ಪಿಗೆ ಕೊಟ್ಟವರ ಖಾತೆಗೆ ಹೀಗೆ ಎರಡು ವರ್ಷದ ಮೇಲೆ ಬಗ್ ಬಿದ್ದರೆ ಎಷ್ಟು ಜನ ಉಳೀತಾರೋ!

ಇಲ್ಲಿ ಮೋಸವೇ ಇಲ್ಲ ಅಂತಲ್ಲ. ಕೆಟ್ಟ ಗಾಡಿಯ ಬದಲು ಒಳ್ಳೆ ಗಾಡಿಗೆ ಪೈಪ್ ಹಾಕಿ ಪಾಸ್ ಮಾಡುವುದಕ್ಕೆ 'ಕ್ಲೀನ್ ಪೈಪಿಂಗ್' ಅಂತಲೂ, ಬೇರೆ ಕಾರಿಗೆ ಕೇಬಲ್ ಸಿಕ್ಕಿಸುವುದಕ್ಕೆ 'ಕ್ಲೀನ್ ಪ್ಲಗಿಂಗ್' ಅಂತಲೂ ಹೆಸರು. ಇಲಾಖೆಯವರು ಗಿರಾಕಿಗಳ ವೇಷದಲ್ಲಿ ಹೋಗಿ ಹಿಡಿಯುತ್ತಾರೆ, ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ.

"ಹೆಸರು ಬೇರೆ ಇಟ್ಟವ್ರಾ? ನಮ್ ಕಡೆ ಅದಕ್ಕೆ ಹೆಸರೇ ಇರಲಿಲ್ಲ" ಅಂದರು ಅಪ್ಪ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

ಲೋಟ ಕೆಳಗಿಟ್ಟು, "ನಿನ್ನ ಸ್ಕೂಲ್ ಆಟೋ ನೆನಪಿದ್ಯಾ?" ಅಂತ ಕೇಳಿದರು.

ಹೇಗೆ ಮರೆಯಲಿ? ಟೂ ಸ್ಟ್ರೋಕ್ ಆಟೋ. ಹನ್ನೊಂದು ಮಕ್ಕಳು. ನಾವು ಮೂವರು ಹಿಂದೆ, ಬ್ಯಾಗುಗಳ ನಡುವೆ, ಉಲ್ಟಾ ತಿರುಗಿ ಕೂರುತ್ತಿದ್ದೆವು. ಆಟೋ ಏರು ಹತ್ತುವಾಗ ಕೆಳಗಿನಿಂದ ನೀಲಿ ಹೊಗೆ ಎದ್ದು ಮುಖಕ್ಕೇ ಬರುತ್ತಿತ್ತು. ನಮಗೆ ಅದೊಂದು ಆಟ. ಮೋಡದೊಳಗೆ ಹೋಗ್ತಿದೀವಿ ಅಂತ ಕಿರುಚುತ್ತಿದ್ದೆವು.

"ಆ ಆಟೋ ಒಂದ್ ಸಲಾನೂ ಪಾಸಾಗಿಲ್ಲ ಕಣೋ ನನ್ ಮಿಷಿನ್ನಲ್ಲಿ. ಆಯಿಲ್ ಜಾಸ್ತಿ ಹಾಕ್ತಿದ್ದ, ಸೀಮೆಣ್ಣೇನೂ ಬೆರೆಸ್ತಿದ್ದ ಅಂತ ಕಾಣ್ಸುತ್ತೆ. ಪ್ರತಿ ಆರು ತಿಂಗಳಿಗೂ ಬರೋನು. ಕಾರ್ಬುರೇಟರ್ ಸ್ಕ್ರೂ ತಿರುಗ್ಸಿ ನೋಡ್ತಿದ್ದೆ, ಆದ್ರೂ ಆಗ್ತಿರಲಿಲ್ಲ. ಮೂರು ಹೆಣ್ಣುಮಕ್ಕಳು ಅವನಿಗೆ. 'ಅಣ್ಣ, ಈ ಒಂದ್ ಸಲ' ಅನ್ನೋನು. ಪಕ್ಕದಲ್ಲಿ ನಿಂತಿದ್ದ ಯಾವ್ದೋ ಹೊಸ ಬೈಕಿಗೆ ಪೈಪ್ ಹಾಕಿ ಕೊಟ್ ಕಳಿಸ್ತಿದ್ದೆ."

ಅಮ್ಮ ಏನೋ ಹೇಳಲು ಹೋಗಿ ಸುಮ್ಮನಾದಳು. ಐದನೇ ಕ್ಲಾಸಿನಿಂದ ಹತ್ತರವರೆಗೆ ನನಗೆ ಉಬ್ಬಸ ಇತ್ತು. ಚಳಿಗಾಲದ ರಾತ್ರಿ ಅಮ್ಮ ನನ್ನನ್ನು ದಿಂಬಿಗೆ ಒರಗಿಸಿ ಕೂರಿಸಿ ಎದೆ ನೀವುತ್ತಿದ್ದಳು. ಅದು ಆಟೋ ಹೊಗೆಯಿಂದಲೇ ಬಂತು ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ. ಅಪ್ಪನೂ ಹಾಗೆ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟೇ: "ನೀನು ಅದ್ರಲ್ಲೇ ಹೋಗ್ತಿದ್ದೆ. ನನಗೆ ಗೊತ್ತಿತ್ತು. ಬೇರೆ ಆಟೋಗೆ ಹಾಕೋಣ ಅಂತ ಎರಡು ಸಲ ಅಂದ್ಕೊಂಡೆ. ಹಾಕಿದ್ರೆ ಅವನು ಯಾಕೆ ಅಂತ ಕೇಳ್ತಿದ್ದ."

ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಈ ಸ್ಮಾಗ್ ಚೆಕ್ಕಿನ ಮೂಲ ಓದುತ್ತ ಕೂತೆ. 1943ರಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಯುವಂಥ ಹೊಗೆಮಂಜು ಕವಿದಾಗ, ಯುದ್ಧದ ಕಾಲವಲ್ಲವೇ, ಜಪಾನಿನವರ ಅನಿಲ ದಾಳಿ ಅಂತ ಜನ ಹೆದರಿದ್ದರಂತೆ. ಅದು ಬಂದದ್ದು ಎಲ್ಲಿಂದ ಅಂತ ಆಮೇಲೆ ಕಂಡುಹಿಡಿದವರು ಏರಿ ಹಾಗೆನ್-ಸ್ಮಿಟ್ ಅನ್ನುವ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಅವರು ಅದಕ್ಕೆ ಮುಂಚೆ ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ಮಾಡುತ್ತಿದ್ದವರು! ಕಾರು ಮತ್ತು ಎಣ್ಣೆ ಕಾರ್ಖಾನೆಗಳಿಂದ ಹೊರಬಂದ ಅನಿಲಗಳ ಮೇಲೆ ಬಿಸಿಲು ಬಿದ್ದಾಗ ಓಝೋನ್ ಹುಟ್ಟುತ್ತದೆ ಅಂತ ತೋರಿಸಿಕೊಟ್ಟರು. ಶತ್ರು ಆಕಾಶದಿಂದ ಬಂದಿರಲಿಲ್ಲ, ಎಲ್ಲರ ಮನೆಯ ಗ್ಯಾರೇಜಿನಲ್ಲೇ ಇದ್ದ.

ನನ್ನ ಗ್ಯಾರೇಜಿನ ಶತ್ರುವಿನ ಬಗ್ಗೆಯೂ ಓದಿದೆ. ಒಂದು ಉಪಾಯ ಆಗಲೇ ಹೊಳೆದಿತ್ತು. ಕನ್ವರ್ಟರ್‌ನ ಕೋಡ್ ಸಾಮಾನ್ಯವಾಗಿ ಎರಡು ಸಲ ತಪ್ಪು ಕಂಡ ಮೇಲೇ ದೀಪ ಹೊತ್ತಿಸುತ್ತದೆ. ಹಾಗಾದರೆ ಮೊದಲ ಸಲ ಮಾನಿಟರ್ 'ರೆಡಿ' ಆದ ಕೂಡಲೇ, ಎರಡನೆಯ ಸಲ ಆಗುವ ಮುಂಚೆ, ಓಡಿಹೋಗಿ ಟೆಸ್ಟ್ ಮಾಡಿಸಿಬಿಟ್ಟರೆ? ಅಳುಕಿನ ಮಧ್ಯೆಯೂ ಒಳಗಿನ ಇಂಜಿನಿಯರ್ ಕುಣಿದ. ಆದರೆ ನನಗಿಂತ ಮುಂಚೆ ಯಾರೋ ಇದನ್ನು ಯೋಚಿಸಿಯಾಗಿತ್ತು. 2010ರಿಂದೀಚಿನ ಕಾರುಗಳಲ್ಲಿ ಶಾಶ್ವತ ಕೋಡ್ ಅಂತ ಒಂದಿದೆ. ಅದನ್ನು ಯಾವ ಸ್ಕ್ಯಾನರಿನಿಂದಲೂ ಅಳಿಸಲಾಗದು, ಬ್ಯಾಟರಿ ಕಿತ್ತರೂ ಹೋಗದು. ದೋಷ ಇಲ್ಲ ಅಂತ ಕಾರೇ ಪರೀಕ್ಷಿಸಿ ಒಪ್ಪಿದಾಗ ತಾನಾಗಿ ಅಳಿಯುತ್ತದೆ. 2019ರ ಜುಲೈನಿಂದ ಸ್ಮಾಗ್ ಚೆಕ್‌ನಲ್ಲಿ ಅದನ್ನೂ ನೋಡುತ್ತಾರೆ. ಕೋಡ್ ಅಳಿಸಿದ ಮೇಲೆ ಹದಿನೈದು ಸಲ ತಣ್ಣಗಿನ ಇಂಜಿನ್ ಪೂರ್ತಿ ಬಿಸಿಯಾಗಿ, 200 ಮೈಲಿ ಓಡಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಷ್ಟು ಓಡಿಸುವಷ್ಟರಲ್ಲಿ ದೀಪ ಮತ್ತೆ ಹೊತ್ತಿರುತ್ತದೆ. ನನ್ನಂಥವರಿಗಾಗಿಯೇ ಬರೆದ ನಿಯಮ.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ದೀಪ ಆರಿಸಿದ್ದನ್ನೂ ಹೇಳಿದೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಪರವಾಗಿಲ್ಲ ಅಣ್ಣ, ಒಂದ್ ಐನೂರು ಕಮ್ಮಿ ಮಾಡ್ಕೊಳ್ಳಿ, ನಾನೇ ಹೇಗೋ ಪಾಸ್ ಮಾಡಿಸ್ಕೋತೀನಿ. ನನಗೆ ಗಾಡಿ ಅರ್ಜೆಂಟ್ ಬೇಕು" ಅಂದ. ನಿಜ ಹೇಳಬೇಕೆಂದರೆ, ನಾನು ಹೂಂ ಅನ್ನುವುದರಲ್ಲಿದ್ದೆ. ಅವನ ದನಿ ಕೇಳಿದಾಗ 'ಈ ಒಂದ್ ಸಲ' ಅನ್ನುವ ಮಾತು ನೆನಪಾಯಿತು. ಎರಡು ವಾರ ಟೈಮ್ ಕೊಡು ಅಂದೆ.

ರಿಪೇರಿಯ ಕತೆ ಚಿಕ್ಕದು, ಬಿಲ್ ದೊಡ್ಡದು. ಕನ್ವರ್ಟರ್ ಸತ್ತಿತ್ತು. ಬೇರೆ ರಾಜ್ಯಗಳಲ್ಲಿ ನಡೆಯುವ ಅಗ್ಗದ ಕನ್ವರ್ಟರ್ ಇಲ್ಲಿ ಹಾಕುವ ಹಾಗಿಲ್ಲ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಅದರ ಮೇಲೆ ಅಚ್ಚಾಗಿರಬೇಕು, ಟಾರ್ಚ್ ಬಿಟ್ಟು ನೋಡುವುದು ಅದಕ್ಕೇ. ಕೂಲಿ ಸೇರಿ 1,650 ಡಾಲರ್. ಗಾಡಿಯನ್ನೇ ಸರ್ಕಾರಕ್ಕೆ ಗುಜರಿಗೆ ಒಪ್ಪಿಸಿದರೆ 1,350 ಡಾಲರ್ ಕೊಡುವ ಯೋಜನೆ ಇದೆ, ಆದಾಯ ಕಮ್ಮಿ ಇದ್ದವರಿಗೆ 2,000. ಅದನ್ನೂ ಲೆಕ್ಕ ಹಾಕಿದೆ. ಹುಡುಗನಿಗೆ ಅಷ್ಟರಲ್ಲಿ ಬೇರೆ ಕಾರು ಸಿಗುತ್ತಿರಲಿಲ್ಲ. ಮಾಡಿಸಿದೆ. "ಕಾರು ಮಾರೋಕೆ ಕೈಯಿಂದ ದುಡ್ಡು ಹಾಕೋರನ್ನ ಇಲ್ಲೇ ನೋಡಿದ್ದು" ಅಂದಳು ಅಮ್ಮ.

ಆಮೇಲಿನ ಐದು ದಿನ ಮಾನಿಟರುಗಳು ರೆಡಿಯಾಗಲಿ ಅಂತ ಕಾರು ಓಡಿಸುವುದೇ ಕೆಲಸ. ಸ್ವಲ್ಪ ಹೈವೇ ಓಡಬೇಕು, ಸ್ವಲ್ಪ ಊರೊಳಗೆ ನಿಂತು ನಿಂತು ಹೋಗಬೇಕು, ರಾತ್ರಿಯಿಡೀ ತಣ್ಣಗಾಗಬೇಕು. ಆಫೀಸ್ ಮುಗಿದ ಕೂಡಲೇ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೊರಡುತ್ತಿದ್ದೆ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋದೆವು. ಸಾಂಟಾ ಕ್ರೂಜ್‌ನ ಸಮುದ್ರಕ್ಕೆ ಹೋಗಿ ಅಮ್ಮ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ತಿಂದೆವು. ನಾನು ಇಲ್ಲಿಗೆ ಬಂದು ಏಳು ವರ್ಷವಾಗಿದ್ದರೂ ಅವರಿಬ್ಬರ ಜತೆ ಕೆಲಸವಿಲ್ಲದೆ ಇಷ್ಟು ಹೊತ್ತು ಕೂತದ್ದು ಅದೇ ಮೊದಲು. ಪ್ರತಿ ಸಲ ಕಾರು ನಿಲ್ಲಿಸಿದಾಗ ಸ್ಕ್ಯಾನರ್ ಹಚ್ಚುತ್ತಿದ್ದೆ. "ಇನ್ನೂ ಎಷ್ಟು ಬಾಕಿ?" ಅಂತ ಅಪ್ಪ ಮೊಬೈಲಿನೊಳಗೆ ಇಣುಕುತ್ತಿದ್ದರು. ಆರನೇ ದಿನ ಬೆಳಿಗ್ಗೆ ಶಾಶ್ವತ ಕೋಡ್ ತಾನಾಗಿ ಅಳಿಸಿಹೋಗಿತ್ತು.

ಅದೇ ಶೆಡ್ಡಿಗೆ ಹೋದೆವು. ಆ ಮನುಷ್ಯರಿಗೆ ನಮ್ಮ ಗುರುತಿತ್ತು. ಕಾರಿನಡಿ ಬಗ್ಗಿ ಹೊಸ ಕನ್ವರ್ಟರಿನ ನಂಬರ್ ಓದಿಕೊಂಡರು, ಕೇಬಲ್ ಸಿಕ್ಕಿಸಿದರು, ಪಾಸ್ ಅಂದರು. ಸರ್ಟಿಫಿಕೇಟ್ ನೇರವಾಗಿ ಮೋಟಾರು ವಾಹನ ಇಲಾಖೆಯ ಕಂಪ್ಯೂಟರಿಗೆ ಹೋಗುತ್ತದೆ, ನಮಗೆ ಕೊಡುವುದು ವರದಿಯ ಒಂದು ಹಾಳೆ ಮಾತ್ರ. ಅಪ್ಪ ಅದನ್ನು ಕೈಗೆ ತಗೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಆಮೇಲೆ ನನ್ನನ್ನು ಕರೆದು, "ನಾನೂ ಇದೇ ಕೆಲ್ಸ ಮಾಡ್ತಿದ್ದೆ ಅಂತ ಅವರಿಗೆ ಹೇಳು" ಅಂದರು. ಹೇಳಿದೆ. ಆ ಹಿರಿಯರು ಕೈ ಒರೆಸಿಕೊಂಡು ಅಪ್ಪನ ಕೈ ಕುಲುಕಿದರು. "ಬೈಗುಳ ಬಹಳ ತಿನ್ನಬೇಕಾದ ಕೆಲಸ" ಅಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಅಪ್ಪ, "ನಾನು ಬೈಸ್ಕೊಳ್ಳಲಿಲ್ಲ ಬಿಡು" ಅಂದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಶನಿವಾರ ಹುಡುಗ ಬಂದ. ಮಾತಾಡಿದ್ದಷ್ಟೇ ದುಡ್ಡು, ವರದಿಯ ಹಾಳೆ ಅವನ ಕೈಗೆ ಕೊಟ್ಟೆ. ಅವನು ಕಾರು ಸ್ಟಾರ್ಟ್ ಮಾಡಿ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ. ಅಪ್ಪ ಹಿಂದೆ ಹೋಗಿ ಮೆಲ್ಲಗೆ ಬಗ್ಗಿದರು, ಬೆನ್ನು ಹಿಡಿದುಕೊಂಡು. ತೋರುಬೆರಳನ್ನು ಸೈಲೆನ್ಸರಿನ ಬಾಯೊಳಗೆ ಒಂದು ಸುತ್ತು ಆಡಿಸಿ ತೆಗೆದು, ಬಿಸಿಲಿಗೆ ಹಿಡಿದು ನೋಡಿ, ನನಗೂ ತೋರಿಸಿದರು. ತುಸು ಬೂದುಬಣ್ಣ, ಒಂದೆರಡು ಹನಿ ನೀರು. ಆಮೇಲೆ ಬೆರಳನ್ನು ಪಂಚೆಗೆ ಒರೆಸಿಕೊಂಡು ಹುಡುಗನಿಗೆ ಹೋಗಪ್ಪ ಅಂತ ಕೈ ಮಾಡಿದರು.